ಐದನೆಯ ಸಲ

ಕಣ್ಣು ಬಿಡುವ ಮೊದಲೇ ಬಿಯ್ಯಾತು ಎಣಿಸತೊಡಗಿದಳು. ಈಚೆಗೆ ದಿನಾ ಬೆಳಿಗ್ಗೆ ಇದೇ ಕೆಲಸ. ಬಾಯಲ್ಲಿ ಬಿಸ್ಮಿ ಹೇಳುತ್ತ ಹೊದಿಕೆಯ ಅಡಿಯಲ್ಲಿ ಒಂದೊಂದೇ ಬೆರಳು ಮಡಚುವುದು. ಕಿರುಬೆರಳು: ಪಾಂಡ್ಯಾಲ ಮನೆಯ ಬಾಣಂತಿ ಕೋಣೆ, ಬೆಳಗಿನ ಬಾಂಗು ಆಗಷ್ಟೇ ನಿಂತಿತ್ತು. ಉಂಗುರದ ಬೆರಳು: ಅದೇ ದಿನ ಮಧ್ಯಾಹ್ನ, ಸೌದೆ ಕೊಟ್ಟಿಗೆಯಲ್ಲಿ ತೆಂಗಿನ ಒಣ ಮಡಲುಗಳ ಮೇಲೆ ಕೂತು. ನಡುಬೆರಳು: ಮರುದಿನ, ಮನೆಯೊಡತಿ ಆಚಿಬಿ ಉಮ್ಮ ಸ್ನಾನಕ್ಕೆ ಹೋಗಿದ್ದಾಗ, ಬಚ್ಚಲಿನ ನೀರಿನ ಸದ್ದಿಗೆ ಕಿವಿಗೊಟ್ಟುಕೊಂಡು. ತೋರುಬೆರಳು: ಆವತ್ತೇ ಸಂಜೆ, ಮತ್ತೆ ಕೊಟ್ಟಿಗೆ, ಕೋಳಿಯೊಂದು ಒಳಗೆ ಬಂದು ಕತ್ತು ಓರೆ ಮಾಡಿ ನೋಡಿ ಹೋಯಿತು. ಅಲ್ಲಿಗೆ ನಾಲ್ಕು. ಹೆಬ್ಬೆರಳಿಗೆ ಬಂದಾಗ ಎಲ್ಲ ಕಲಸಿಹೋಗುತ್ತಿತ್ತು. ಮೂರನೆಯ ದಿನ ಮಧ್ಯಾಹ್ನ ಬಾಗಿಲ ಹಿಂದೆ ಗೋಡೆಗೆ ಮುಖ ಮಾಡಿ ಕೂತದ್ದು ನಿಜ, ಮಡಿಲಲ್ಲಿ ಮಗುವೊಂದು ಕುಡಿಯುತ್ತಿದ್ದುದೂ ನಿಜ. ಯಾವ ಮಗು? ಮಡಿಲಿನ ಭಾರವನ್ನು ನೆನಪು ಮಾಡಿಕೊಂಡರೆ ಒಂದು ದಿನ ಅದು ಆವತ್ತು ಹಾಲಿಗೆಂದು ಮಗಳು ಎತ್ತಿಕೊಂಡು ಬಂದಿದ್ದ ತನ್ನ ಒಂಬತ್ತು ತಿಂಗಳ ಹಾರಿಸನ ಭಾರ. ಇನ್ನೊಂದು ದಿನ ಹಿಡಿ ಹತ್ತಿಯಷ್ಟೇ ಹಗುರ, ಆ ಮನೆಯ ಹನ್ನೊಂದು ದಿನದ ಕೂಸು. ಮೊನ್ನೆಯಂತೂ ಎಣಿಸುತ್ತ ಎಣಿಸುತ್ತ ಆರಾಗಿಬಿಟ್ಟಿತ್ತು. ಎದ್ದು ಕೂತು ಬೆವರಿದ್ದಳು.

ಐದು ಸಲ ಹೊಟ್ಟೆ ತುಂಬಾ ಕುಡಿದರೆ ಆ ಮಗು ನಿನ್ನದೇ, ಎಂದು ಅವಳಿಗೆ ಹೇಳಿಕೊಟ್ಟವಳು ಅವಳ ತಾಯಿ. ಬಾಣಂತಿಯರನ್ನು ನೋಡಿಕೊಳ್ಳುವ ಕೆಲಸ ತಾಯಿಯಿಂದಲೇ ಬಂದದ್ದು. ತಲಶ್ಶೇರಿಯ ಕಡಲ ದಂಡೆಯ ದೊಡ್ಡ ಮನೆಗಳಲ್ಲಿ ನಲವತ್ತು ದಿನ ಇದ್ದು, ತಾಯಿಗೆ ಎಣ್ಣೆ ನೀರು, ಮಗುವಿಗೆ ಸ್ನಾನ, ಹೊಟ್ಟೆಗೆ ಬಟ್ಟೆ ಕಟ್ಟುವುದು. ಕೆಲಸ ಕಲಿಸುವಾಗ ತಾಯಿ ಹೇಳಿದ್ದಳು, ಎಲ್ಲ ಕೊಡು, ಎದೆ ಮಾತ್ರ ಕೊಡಬೇಡ. ಕೊಟ್ಟರೆ ಲೆಕ್ಕ ಇಟ್ಟುಕೋ. ಐದಾದರೆ ಅವನು ನಿನ್ನ ಮಕ್ಕಳಿಗೆ ಅಣ್ಣತಮ್ಮ, ಮೊಮ್ಮಕ್ಕಳಿಗೆ ಮಾವ. ಬೇರೆ ಕೆಲವರಲ್ಲಿ ಸೋದರಮಾವನಿಗೇ ಹೆಣ್ಣು ಕೊಡುವುದುಂಟಂತೆ. ಇವರಲ್ಲಿ ಅದು ಕೇಳಿದರೆ ಕಿವಿ ಮುಚ್ಚಿಕೊಳ್ಳುವ ಮಾತು. ಈಗ ಪಾಂಡ್ಯಾಲದ ಆ ಹಿಡಿ ಹತ್ತಿ ಇಪ್ಪತ್ತೇಳು ವರ್ಷದ ಗಂಡಾಳಾಗಿದ್ದಾನೆ. ಮಿಸ್ಬಾಹ್. ಬರುವ ಆದಿತ್ಯವಾರ ಬಿಯ್ಯಾತುವಿನ ಮಗಳ ಮಗಳು ರಿಫಳಿಗೂ ಅವನಿಗೂ ನಿಕಾಹ್.

ಗೋಡೆಯಾಚೆ ಪೈಂಟಿನವರು ಏಣಿ ಎಳೆದ, ರೇಡಿಯೋ ಹಾಕಿದ ಸದ್ದಾಯಿತು. ಅದು ಬಿಯ್ಯಾತುವಿನ ಕೋಣೆ. ಅಳಿಯ ಹೆಣ್ಣಿನ ಮನೆಗೆ ಬರುವ ಪದ್ಧತಿ ಇವರದು, ಹಾಗಾಗಿ ಮನೆಯ ಒಳ್ಳೆಯ ಕೋಣೆ ಅವನಿಗೇ. ಮಗಳು ಸೌದ ಹುಟ್ಟಿದ್ದು, ಹಾರಿಸ್ ಹುಟ್ಟಿದ್ದು, ಗಂಡ ಕಣ್ಣು ಮುಚ್ಚಿದ್ದು ಎಲ್ಲ ಅಲ್ಲೇ. ಹತ್ತು ದಿನದ ಹಿಂದೆ ಅವಳ ಮಂಚವನ್ನು ಜಗಲಿಗೆ ತಂದು ಹಾಕಿ, ಸುತ್ತ ಒಂದು ಪರದೆ ಕಟ್ಟಿ, “ಗಾಳಿ ಚೆನ್ನಾಗಿ ಬರ್ತದೆ ಉಮ್ಮ ಇಲ್ಲಿ” ಎಂದಿದ್ದಳು ಸೌದ. ಗಾಳಿ ಬರುತ್ತದೆ, ಅದು ಸುಳ್ಳಲ್ಲ. ಆದರೆ ಕೋಣೆಯ ಜೊತೆ ಇನ್ನೇನೋ ಹೋಯಿತು. ಎದ್ದಾಗ ಎಡಕ್ಕೆ ಗೋಡೆ ಇರಬೇಕಿತ್ತು, ಈಗ ಬಲಕ್ಕಿದೆ. ಒಂದು ದಿನ ಬಚ್ಚಲಿಗೆಂದು ಹೊರಟವಳು ಅಂಗಳದಲ್ಲಿ ಸಾಮಾನು ಇಳಿಸುತ್ತಿದ್ದ ಗಂಡಸರ ನಡುವೆ ಬಂದು ನಿಂತಿದ್ದಳು, ತಲೆಯ ಮೇಲೆ ಬಟ್ಟೆಯಿಲ್ಲದೆ. ಯಾರೂ ನಗಲಿಲ್ಲ. ಅವರು ನಗದೆ ತಲೆ ತಗ್ಗಿಸಿದ್ದೇ ಅವಳಿಗೆ ಹೆಚ್ಚು ಚುಚ್ಚಿತು. ಮೊನ್ನೆ ಸೌದ ಬಂದು, “ಗ್ಯಾಸ್ ಹಚ್ಚಿ ಯಾಕೆ ಬಿಟ್ರಿ?” ಎಂದಳು. ತಾನು ಅಡಿಗೆಮನೆಗೇ ಹೋಗಲಿಲ್ಲ ಎಂದು ಆಣೆ ಇಟ್ಟಳು ಬಿಯ್ಯಾತು. ಆಮೇಲೆ ನೋಡಿದರೆ ಸೆರಗಿಗೆ ಒಗ್ಗರಣೆಯ ವಾಸನೆ. ಹಾಗೆ ಸುಳ್ಳಾಗಿ ಹೋದ ಆಣೆಗಳು ಈಗ ಎಷ್ಟಾದವೋ.

ಇಂಥವಳು ಎದ್ದುನಿಂತು, ನಾನು ಆ ಹುಡುಗನಿಗೆ ಹಾಲು ಕೊಟ್ಟಿದ್ದೇನೆ ಎಂದರೆ ಯಾರು ನಂಬುತ್ತಾರೆ? ಕೋಣೆ ಕಿತ್ತುಕೊಂಡ ಹೊಟ್ಟೆಕಿಚ್ಚಿಗೆ ಮುದುಕಿ ಮದುವೆ ಮುರಿಯಲು ಹೊರಟಿದೆ ಎಂದಾರು. ನಂಬಿದರೆ ಇನ್ನೂ ಭಯ. ನಾಲ್ಕೇ ಆಗಿದ್ದು ತಾನು ಐದೆಂದರೆ? ಹುಡುಗಿಯ ಬಾಳು ಒಂದು ಹೆಬ್ಬೆರಳಿನ ಮೇಲೆ ಹೋಯಿತಲ್ಲ. ಐದಾಗಿದ್ದು ತಾನು ಸುಮ್ಮನಿದ್ದರೆ? ನಾಳೆ ಹುಟ್ಟುವ ಮಕ್ಕಳ ಮುಖ ನೋಡುವುದು ಹೇಗೆ, ಸೃಷ್ಟಿಸಿದವನ ಮುಂದೆ ನಿಲ್ಲುವುದು ಹೇಗೆ? ಇವೆರಡರ ನಡುವೆ ಮೂರನೆಯದೊಂದು ದಾರಿ ಅವಳಿಗೆ ಕಾಣುತ್ತಿತ್ತು, ಅದೇ ಅವಳನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸುತ್ತಿದ್ದುದು. ಸುಮ್ಮನೆ ಕಾದರೆ ಸಾಕು. ಗ್ಯಾಸು ಹಚ್ಚಿದ್ದು ನೆನಪಿನಿಂದ ಹೋದ ಹಾಗೆ, ತಂಗಿ ಸತ್ತದ್ದು ಹೋದ ಹಾಗೆ ಇದೂ ಒಂದು ಬೆಳಿಗ್ಗೆ ಹೋಗಿರುತ್ತದೆ. ಮರೆತವಳಿಗೆ ಪಾಪವಿಲ್ಲ. ಎಣಿಸಿ ಮುಗಿಸಿದಾಗಲೆಲ್ಲ, ಇನ್ನೂ ಇದೆಯಲ್ಲ ಎಂದು ಒಮ್ಮೆ ಸಮಾಧಾನ, ಇನ್ನೂ ಹೋಗಿಲ್ಲವಲ್ಲ ಎಂದು ಅದರ ಹಿಂದೆಯೇ ಒಂದು ನಿರಾಸೆ.

ಹಿತ್ತಿಲ ಮೆಟ್ಟಿಲಲ್ಲಿ ರಿಫ ಕಲ್ಲುಮ್ಮಕ್ಕಾಯಿಯ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಬಂಡೆಗೆ ಅಂಟಿ ಬೆಳೆಯುವ ಕಪ್ಪು ಚಿಪ್ಪು, ಬಾಯಿ ಬಿಡಿಸಿ ನಾರು ಕೀಳಬೇಕು. ರಿಫಳಿಗೆ ಒಂದು ಬಿಡಿಸುವಷ್ಟರಲ್ಲಿ ಉಗುರು ಮುರಿಯಿತು. ಬಿಯ್ಯಾತು ಅವಳ ಪಕ್ಕ ಕೂತು ಕತ್ತಿ ಇಸಿದುಕೊಂಡಳು. ಕೈಗೆ ಯಾವ ಮರೆವೂ ಇರಲಿಲ್ಲ. ಕತ್ತಿಯ ಮೊನೆ ತಾನಾಗಿ ಸಂದು ಹುಡುಕಿತು, ತಿರುಗಿತು, ಚಿಪ್ಪು ಬಾಯಿಬಿಟ್ಟಿತು.

“ಅಬ್ಬ, ಉಮ್ಮಮ್ಮ ಮೆಷೀನು,” ಎಂದಳು ರಿಫ. “ನಮ್ಮ ಲ್ಯಾಬಿಗೆ ಬನ್ನಿ, ರಕ್ತ ತೆಗೀಲಿಕ್ಕೆ ಇಟ್ಕೊಳ್ತೇವೆ.”

“ಸೂಜಿ ಚುಚ್ಚಿ ಹುಡುಗನನ್ನು ಹಿಡಿದವಳು ನೀನು. ನನಗೆ ಯಾರು ಸಿಕ್ತಾರೆ?”

ರಿಫ ನಕ್ಕಳು. ಆಸ್ಪತ್ರೆಯ ಲ್ಯಾಬಿಗೆ ತಂದೆಯ ರಕ್ತ ಕೊಡಿಸಲು ಬಂದ ಮಿಸ್ಬಾಹ್ ಆಮೇಲೆ ತನಗೇ ಏನೇನೋ ಪರೀಕ್ಷೆ ಬರೆಸಿಕೊಂಡು ಬರತೊಡಗಿದ್ದು ಮನೆಗೆಲ್ಲ ಗೊತ್ತಿದ್ದ ಕಥೆ. ಆ ನಗುವನ್ನು ನೋಡುತ್ತ ಬಿಯ್ಯಾತು ಇನ್ನೊಂದು ಚಿಪ್ಪು ಕೈಗೆತ್ತಿಕೊಂಡಳು. ಪಾಂಡ್ಯಾಲದ ಮಹಡಿ ಮನೆಯಿಂದ ಈ ಹೆಂಚಿನ ಮನೆಗೆ ಹೆಣ್ಣು ಕೇಳಿಕೊಂಡು ಬಂದರು. ಆಚಿಬಿ ಉಮ್ಮ ಬದುಕಿದ್ದರೆ ಆಗುತ್ತಿತ್ತೇ? ಆವತ್ತು ಅವರ ಬಾಣಂತಿ ಮಗಳನ್ನು ಜ್ವರದಲ್ಲಿ ಆಸ್ಪತ್ರೆಗೆ ಹೊತ್ತುಕೊಂಡು ಹೋದಾಗ, ಕೂಸು ಬಾಟಲಿಯನ್ನು ಉಗುಳಿ ನೀಲಿಗಟ್ಟುವಂತೆ ಅತ್ತಾಗ, ನಾನು ಕೊಡಲೇ ಎಂದು ಬಿಯ್ಯಾತು ಕೇಳಿದ್ದಳು. ಆಚಿಬಿ ಉಮ್ಮ ಒಂದೇ ಮಾತು ಹೇಳಿದ್ದರು: ನಾಳೆ ನಿನ್ನ ಮಕ್ಕಳು ತಮ್ಮಾ ಅಂತ ಕರೆದುಕೊಂಡು ನನ್ನ ಚಾವಡಿಗೆ ಬರುವುದು ಬೇಡ, ಪುಡಿ ಹಾಲು ಕಲಸು. ಕಲಸಿದಳು. ಆಚಿಬಿ ಉಮ್ಮ ತಾವೇ ಮಡಿಲಲ್ಲಿಟ್ಟುಕೊಂಡು ಕುಡಿಸಿದರು, ಅರ್ಧ ಒಳಗೆ, ಅರ್ಧ ಕೆನ್ನೆಯ ಮೇಲೆ. ಅವರ ಕಣ್ಣು ತಪ್ಪಿದಾಗ ಬಿಯ್ಯಾತು ಎದೆಗಿಟ್ಟುಕೊಂಡಳು. ಕನಿಕರ ಎಂದು ಇಷ್ಟು ವರ್ಷ ತನಗೆ ತಾನೇ ಹೇಳಿಕೊಂಡಿದ್ದಳು. ಕನಿಕರವೂ ಇತ್ತು. ಆದರೆ ತನ್ನ ಕೂಸನ್ನು ಮನೆಯಲ್ಲಿ ಬಿಟ್ಟು ಬಂದವಳ ಎದೆ ಕಲ್ಲಾಗಿತ್ತು, ರವಿಕೆ ನೆನೆದು ಅಂಟುತ್ತಿತ್ತು, ನೋವಿಗೆ ಕೈ ಎತ್ತಲಾಗುತ್ತಿರಲಿಲ್ಲ. ಯಾವುದಾದರೊಂದು ಬಾಯಿ ಬೇಕಿತ್ತು. ಕೂಸು ಹಿಡಿದುಕೊಂಡಾಗ ಆದ ಆ ಹಗುರ ಈಗಲೂ ನೆನಪಿದೆ. ಅದನ್ನು ಯಾರಿಗೆ ಹೇಳುವುದು?

“ಮೋಳೆ, ನನ್ನ ಮಗಳೇ, ನಿನಗೊಂದು ವಿಷಯ ಹೇಳಬೇಕು,” ಎಂದಳು.

“ಮಿಸ್ಬಾಹಿನ ಹಾಲಿನ ವಿಷಯವಾ?” ರಿಫ ತಲೆ ಎತ್ತಲಿಲ್ಲ. “ಹೇಳಿಯಾಯ್ತಲ್ಲ ಉಮ್ಮಮ್ಮ.”

ಕತ್ತಿ ಜಾರಿತು. “ಯಾವಾಗ?”

“ಮೊನ್ನೆ ಹೇಳಿದ್ರಿ. ನಿನ್ನೆಯೂ ಹೇಳಿದ್ರಿ. ಇಲ್ಲೇ ಕೂತು, ನನ್ನ ಕೈ ಹಿಡ್ಕೊಂಡು ಬೆರಳು ಮಡಚಿದ್ರಿ. ನಾಲ್ಕು ಸಲ ಅಂದ್ರಿ.”

“ನಾಲ್ಕು ಅಂದೆನಾ? ಐದನೇದ್ದು ಸಂಶಯ ಅಂತ ಹೇಳಲಿಲ್ವಾ?”

“ಇಲ್ಲ. ನಾಲ್ಕೇ. ಐದನೇದ್ದು ಹಾರಿಸ್ ಮಾಮ ಅಂದ್ರಿ. ಖಾತ್ರಿ ಅಂದ್ರಿ.” ರಿಫ ಈಗ ಅವಳ ಮುಖ ನೋಡಿದಳು. ಧ್ವನಿ ಬೆಣ್ಣೆಯಂತಿತ್ತು. “ನಾನು ಮಸೀದಿಯ ಉಸ್ತಾದರ ಹತ್ತಿರ ಫೋನಲ್ಲಿ ಕೇಳಿದೆ, ಯಾರದ್ದು ಅಂತ ಹೇಳದೆ. ನಾಲ್ಕಾ ಐದಾ ಸಂಶಯ ಇದ್ರೆ ಅದು ಲೆಕ್ಕಕ್ಕಿಲ್ಲವಂತೆ. ದೂರ ಇದ್ರೆ ಒಳ್ಳೇದು, ಆದ್ರೆ ಹರಾಮಲ್ಲ. ಖಂಡಿತ ಐದು ಅಂತ ಗೊತ್ತಿದ್ರೆ ಮಾತ್ರ ಆಗೋದಿಲ್ಲ. ಉಮ್ಮನಿಗೆ ಇದೆಲ್ಲ ಹೇಳಬೇಡಿ, ಸುಮ್ಮನೆ ಬಿ.ಪಿ. ಏರಿಸ್ಕೊಳ್ತಾರೆ. ಆಯ್ತಾ?”

ಬಿಯ್ಯಾತು ತಲೆಯಾಡಿಸಿದಳು. ನಿನ್ನೆ ಇಲ್ಲಿ ಕೂತಿದ್ದೆನೇ? ನಿನ್ನೆ ಎಂಬಲ್ಲಿ ಏನೂ ಇರಲಿಲ್ಲ, ತೊಳೆದಿಟ್ಟ ಪಾತ್ರೆಯಂತೆ ಖಾಲಿ. ಹುಡುಗಿ ಅದರಲ್ಲಿ ಏನು ಹಾಕಿದರೂ ಅದೇ ಇರುತ್ತದೆ. ಈ ಯೋಚನೆ ಬಂದದ್ದೇ ಅವಳು ಕತ್ತಿ ಕೆಳಗಿಟ್ಟಳು. ನಿಜವೇ ಹೇಳುತ್ತಿರಬಹುದು. ರಿಫ ಸಣ್ಣವಳಿದ್ದಾಗ ಸುಳ್ಳು ಹೇಳಿದರೆ ಕಿವಿ ಕೆಂಪಾಗುತ್ತಿತ್ತು. ನೋಡೋಣವೆಂದರೆ ಈಗ ಕಿವಿಯ ಮೇಲೆ ಬಟ್ಟೆಯಿದೆ. ರಿಫ ಎದ್ದು, ಬಾಗಿ, ಅವಳ ಹಣೆಗೆ ಮುತ್ತಿಟ್ಟು ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಮುತ್ತು ನಿಜವಾದ ಪ್ರೀತಿಯದೇ. ಪ್ರೀತಿಸುವವರೇ ಹೀಗೆ ಮಾಡಿದರೆ ಯಾರ ಹತ್ತಿರ ಹೋಗಿ ಕೇಳುವುದು, ನಿನ್ನೆ ನಾನು ಏನೆಂದೆ ಎಂದು?

ಹನ್ನೊಂದು ಗಂಟೆಗೆ ಸುಹರಾ ಬಂದಳು, ಮಿಸ್ಬಾಹನ ತಾಯಿ. ಕೋಣೆ ನೋಡಲು ಎಂದು ಹೇಳಿಕೊಂಡೇ ಬಂದಿದ್ದಳು. ಬಣ್ಣ ನೋಡಿ ಚೆನ್ನಾಗಿದೆಯೆಂದಳು, ಕಿಟಕಿ ಸಣ್ಣದಾಯಿತೆಂದು ಹೇಳದೆ ಕಿಟಕಿಯನ್ನೇ ಎರಡು ಸಲ ನೋಡಿದಳು, ಆಮೇಲೆ ಜಗಲಿಗೆ ಬಂದು ಬಿಯ್ಯಾತುವಿನ ಮಂಚದ ತುದಿಯಲ್ಲಿ ಕೂತು ಅವಳ ಕೈ ಹಿಡಿದುಕೊಂಡಳು. ಹಿಂದೆ ಈ ಕೈಗೆ ಬಿಯ್ಯಾತು ಎಣ್ಣೆ ತಿಕ್ಕಿದ್ದಳು. ಆಗ ಇವಳು ಸುಹರಾಳನ್ನು ಗೌರವದಿಂದ ಬೀವಿ ಎಂದು ಕರೆಯುತ್ತಿದ್ದಳು, ಆ ಮನೆಯವರು ಇವಳನ್ನು ಏ ಬಿಯ್ಯಾತು ಎನ್ನುತ್ತಿದ್ದರು.

“ಬಿಯ್ಯಾತಿತ್ತ, ನನ್ನ ಗುರ್ತ ಉಂಟಾ?”

“ಉಂಟುಂಟು,” ಎಂದಳು ಸೌದ, ತಾಯಿ ಬಾಯಿ ತೆರೆಯುವ ಮೊದಲೇ. “ಹಳೇದೆಲ್ಲ ಚೆನ್ನಾಗೇ ಉಂಟು. ಇವತ್ತು ಬೆಳಿಗ್ಗೆ ಎಂತ ತಿಂದ್ರಿ ಅಂತ ಕೇಳಿ, ಆಗ ಗೊತ್ತಾಗ್ತದೆ.”

ಎಲ್ಲರೂ ನಕ್ಕರು. ಬಿಯ್ಯಾತುವೂ ನಕ್ಕಳು, ನಗುತ್ತ ಒಳಗೊಳಗೇ ಹುಡುಕಿದಳು: ಏನು ತಿಂದೆ?

“ಹಾಗೆಲ್ಲ ಹೇಳಬೇಡ ಮಾರಾಯ್ತಿ. ನನ್ನ ಮಗ ಇವತ್ತು ಉಂಟು ಅಂದ್ರೆ ಇವರಿಂದ,” ಎಂದಳು ಸುಹರಾ. “ಎರಡು ದಿನ ನನಗೆ ಜ್ಞಾನವೇ ಇರಲಿಲ್ಲ. ಮೂರನೇ ದಿನ ಮಧ್ಯಾಹ್ನ ಹಟ ಮಾಡಿ ಮನೆಗೆ ಬಂದೆ. ಕಾರಿಂದ ಇಳೀತೇನೆ, ಅಂಗಳದಲ್ಲಿ ನೀನು ನಿಂತಿದ್ದೆ ಸೌದ, ಸೊಂಟದಲ್ಲಿ ಹಾರಿಸ್. ಹಸಿವೆಗೆ ಅವನ ಕಿರುಚಾಟ ಬೀದಿಗೆಲ್ಲ ಕೇಳ್ತಾ ಉಂಟು. ಒಳಗೆ ಹೋದ್ರೆ ಇವರು ಬಾಗಿಲ ಹಿಂದೆ ಗೋಡೆಗೆ ಮುಖ ಮಾಡಿ ಕೂತಿದ್ದಾರೆ, ಮಡಿಲಲ್ಲಿ ನನ್ನ ಮಗ. ಹೊಟ್ಟೆ ತುಂಬಿ ನಿದ್ದೆ. ತುಟೀಲಿ ಇನ್ನೂ ಹಾಲಿನ ಹನಿ. ತನ್ನ ಮಗು ಹೊರಗೆ ಸಾಯ್ತಾ ಉಂಟು, ಇವರು ಮೊದಲು ನನ್ನ ಮಗನಿಗೆ ಕುಡಿಸಿದ್ರು ನೋಡು.” ಕಣ್ಣು ಒರೆಸಿಕೊಂಡು ನಕ್ಕಳು. “ಅದಕ್ಕೂ ನಮ್ಮ ಉಮ್ಮನ ಬೈಗುಳ! ಕಿಟಕೀಲಿ ಬಾಟಲಿ ತುಂಬಾ ಹಾಲು ಹಾಗೇ ಇತ್ತು. ಅವನಿಗೆ ಕುಡಿಸಿಯಾಯ್ತು ಅಂತೀ, ಮತ್ತೆ ಇದನ್ನು ಯಾಕೆ ಕಲಸಿದೆ, ಡಬ್ಬಿ ಮುಗಿಸ್ತೀಯಾ ಅಂತ.”

ಚಹಾದ ತಟ್ಟೆ ಹಿಡಿದು ಬಂದ ರಿಫ ಹೊಸಿಲಲ್ಲೇ ನಿಂತುಬಿಟ್ಟಳು.

ಬಿಯ್ಯಾತುವಿನೊಳಗೆ ಎಲ್ಲ ಒಮ್ಮೆಲೇ ತೆರೆದುಕೊಂಡಿತು, ಪೂರ್ತಿ ಬೆಳಕಿನಲ್ಲಿ. ಕಿಟಕಿಯ ಬಾಟಲಿ, ಅದರ ಕತ್ತಿನ ತನಕ ಹಾಲು, ಮೇಲೆ ಕೂತ ನೊಣ. ಹೊರಗೆ ಹಾರಿಸನ ಅಳು ಕೇಳಿ ಎದೆ ಇನ್ನಷ್ಟು ತುಂಬಿ ಬಂದದ್ದು, ಮಡಿಲಿನ ಕೂಸು ಕೆಮ್ಮಿದ್ದು. ಹಿಡಿ ಹತ್ತಿಯ ಭಾರ. ಇದು ತನ್ನ ನೆನಪಷ್ಟೇ ಅಲ್ಲ, ಸುಹರಾಳ ಗಟ್ಟಿ ತಲೆಯಿಂದ ಬಂದದ್ದು, ಹಾಗಾಗಿ ನಂಬಬಹುದು. ತಲೆ ಎತ್ತಿದಳು. ರಿಫ ಅವಳನ್ನೇ ನೋಡುತ್ತಿದ್ದಳು. ಇಬ್ಬರಿಗೂ ತಿಳಿದಿತ್ತು, ಇನ್ನೊಬ್ಬರಿಗೆ ತಿಳಿದಿದೆಯೆಂದೂ ತಿಳಿದಿತ್ತು. ಹುಡುಗಿಯ ತುಟಿ ಬಿಳಿಚಿತ್ತು. ಕಣ್ಣಲ್ಲಿ ಬೇಡಿಕೆಯಿತ್ತು, ಅದಕ್ಕಿಂತ ಆಳದಲ್ಲಿ ಬಿಯ್ಯಾತು ಎಂದೂ ಕಾಣದ ಒಂದು ಕಾಯುವಿಕೆಯಿತ್ತು. ಸಂಜೆಯವರೆಗೆ ಕಾದರೆ ಸಾಕು ಎಂಬಂತೆ. ನಾಳೆ ಹಿತ್ತಿಲ ಮೆಟ್ಟಿಲಲ್ಲಿ ಕೂತು ಇವಳು ಹೇಳುತ್ತಾಳೆ, ಸುಹರಾತ್ತ ಹಾಗೆ ಹೇಳಲೇ ಇಲ್ಲ ಉಮ್ಮಮ್ಮ. ನಾನು ತಲೆಯಾಡಿಸುತ್ತೇನೆ.

“ಉಮ್ಮಮ್ಮ, ಚಹಾ ಆರ್ತದೆ,” ಎಂದಳು ರಿಫ.

ಬಿಯ್ಯಾತು ಸುಹರಾಳ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು. ಈಗಲ್ಲದಿದ್ದರೆ ಇಲ್ಲ. ಮಾತು ಹೊರಟಾಗ ಹಳೆಯ ಹೆಸರೇ ಬಂತು.

“ಬೀವಿ, ಬಾಟಲಿಯದ್ದು ಅವನು ಕುಡಿಯಲಿಲ್ಲ. ಅವನು ಕುಡಿದದ್ದು ನನ್ನದು. ಕದ್ದು ಕೊಟ್ಟೆ. ಐದು ಸಲ ಆಯ್ತು.”



“ಉಮ್ಮಾ!” ಸೌದ ಕಿರುಚಿದಳು. ಕೂಡಲೇ ಧ್ವನಿ ಇಳಿಸಿ ಸುಹರಾಳ ಕಡೆ ತಿರುಗಿ ನಗಲು ನೋಡಿದಳು. “ಮನಸ್ಸಿಗೆ ತಗೋಬೇಡಿ ಸುಹರಾತ್ತ. ಬಾಯಿಗೆ ಬಂದದ್ದು ಹೇಳ್ತಾರೆ ಈಗೀಗ. ಮೊನ್ನೆ ಗೇಟಲ್ಲಿ ನಿಂತು ಗಂಡ, ನಮ್ಮ ಉಪ್ಪ, ಮೀನು ತರ್ತಾರೆ ಅಂತ ಕಾದ್ರು. ಉಪ್ಪ ಹೋಗಿ ಹನ್ನೆರಡು ವರ್ಷ ಆಯ್ತು. ಕೋಣೆ ಬಿಡಿಸಿದ್ದು ಬೇರೆ ಸಿಟ್ಟುಂಟು.”

ಸುಹರಾಳ ಮುಖದಲ್ಲಿ ರಕ್ತವಿರಲಿಲ್ಲ. ತಾನೇ ಹೇಳಿದ ಬಾಟಲಿಯನ್ನು ಅವಳು ಈಗ ಕಣ್ಣ ಮುಂದೆ ಕಾಣುತ್ತಿದ್ದಳು. “ರಿಫ ಮೋಳೆ,” ಎಂದಳು ಮೆಲ್ಲಗೆ. “ಉಮ್ಮಮ್ಮ ಹೀಗೆ ಹೇಳ್ತಾ ಇರ್ತಾರಾ?”

ಹೌದು ಎಂದರೆ ಮುಗಿಯಿತು. ಒಂದು ಹೌದು ಸಾಕಿತ್ತು. ಎಲ್ಲರೂ ನಂಬಲು ಸಿದ್ಧರಿದ್ದರು, ಸುಹರಾಳೂ. ಬಿಯ್ಯಾತುವಿಗೇ ಅನಿಸಿತು, ಹೇಳಿಬಿಡು ಮೋಳೆ, ಹೇಳು, ನಾನೂ ನಂಬುತ್ತೇನೆ. ತಟ್ಟೆಯಲ್ಲಿ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ರಿಫ ಅದನ್ನು ನೆಲಕ್ಕೆ ಇಳಿಸಿದಳು, ಬಹಳ ಹೊತ್ತು ತೆಗೆದುಕೊಂಡು, ಹನಿ ಚೆಲ್ಲದಂತೆ.

“ಇಲ್ಲ,” ಎಂದಳು. “ಉಮ್ಮಮ್ಮ ಹೇಳಿದ್ದು ಸರಿ. ನನಗೆ ಮೊದಲೇ ಹೇಳಿದ್ರು. ನಾಲ್ಕು ಅಂತ ನಾನೇ ಅವರಿಗೆ ಹೇಳಿಕೊಟ್ಟೆ.”

ಆಮೇಲೆ ಏನೇನಾಯಿತೋ. ಸುಹರಾ ಕುಸಿದು ಕೂತಳು, ಎದ್ದಳು, ಚಪ್ಪಲಿ ಹುಡುಕಿದಳು. ಸೌದ ಎದೆ ಬಡಿದುಕೊಂಡಳು. ಯಾರೋ ಫೋನಿನಲ್ಲಿ ಗಟ್ಟಿಯಾಗಿ ಮಾತಾಡಿದರು. ಬಿಯ್ಯಾತು ಮಂಚದಲ್ಲಿ ಗೋಡೆಯ ಕಡೆ ತಿರುಗಿ ಮಲಗಿದಳು. ಅವಳನ್ನು ಯಾರೂ ಕೇಳಲಿಲ್ಲ, ಬೈಯಲೂ ಇಲ್ಲ.

ಎಚ್ಚರವಾದಾಗ ಸಂಜೆಯ ಅಸರ್ ಬಾಂಗು ಆಗುತ್ತಿತ್ತು. ಗೋಡೆ ಬಲಕ್ಕಿತ್ತು. ಮನೆಯಲ್ಲಿ ಏನೋ ಆಗಿದೆ ಎಂದು ಅವಳಿಗೆ ಕೂಡಲೇ ತಿಳಿಯಿತು. ರೇಡಿಯೋ ಇಲ್ಲ. ಏಣಿ ಅಂಗಳದಲ್ಲಿ ಮಲಗಿದೆ. ಅಡಿಗೆಮನೆಯಲ್ಲಿ ಒಲೆ ಹೊತ್ತಿಲ್ಲ, ಬಿಡಿಸಿದ ಕಲ್ಲುಮ್ಮಕ್ಕಾಯಿ ಹಾಗೇ ಬುಟ್ಟಿಯಲ್ಲಿ ವಾಸನೆ ಹೊಡೆಯುತ್ತಿದೆ. ಸತ್ತ ಮನೆಯ ಮೌನ. ಯಾರು ಹೋದರು? ಗಂಡ ಕಡಲಿಗೆ ಹೋಗಿದ್ದಾರೆಯೇ? ಹಾರಿಸ್ ಲಾರಿ ಓಡಿಸುತ್ತಾನೆ, ಅವನಿಗೆ ಏನಾದರೂ? ಸೌದ ಅಡಿಗೆಮನೆಯ ನೆಲದಲ್ಲಿ ಕೂತಿದ್ದಳು. “ಎಂತ ಆಯ್ತು ಮೋಳೆ?” ಎಂದು ಕೇಳಿದರೆ ಮುಖ ಆಚೆ ತಿರುಗಿಸಿದಳು. ಎಲ್ಲರಿಗೂ ಗೊತ್ತಿರುವುದೊಂದು ತನಗೆ ಮಾತ್ರ ಗೊತ್ತಿಲ್ಲ. ಹೇಳಿದ್ದರೋ, ಹೇಳಿದ್ದನ್ನು ನಾನು ಮರೆತೆನೋ. ಗೋಡೆ ಹಿಡಿದು ನಡೆದು ಒಂದು ಬಾಗಿಲು ತಳ್ಳಿದಳು. ಹೊಸ ಬಣ್ಣದ ವಾಸನೆ ಮುಖಕ್ಕೆ ಹೊಡೆಯಿತು.

ರಿಫ ಬರಿಯ ನೆಲದ ಮೇಲೆ ಮೊಣಕಾಲಿಗೆ ತಲೆಯಿಟ್ಟು ಕೂತಿದ್ದಳು. ಎತ್ತಿದ ಮುಖ ಬಾತುಹೋಗಿತ್ತು.

ಬಿಯ್ಯಾತು ಕಷ್ಟದಿಂದ ಅವಳ ಪಕ್ಕ ಇಳಿದು ಕೂತಳು. “ಅತ್ತಿದ್ದೀ,” ಎಂದಳು. “ಯಾಕೆ? ಯಾರು ಎಂತ ಅಂದ್ರು?”

ರಿಫ ಅವಳ ಮುಖವನ್ನು ನೋಡಿದಳು. ಮೊದಲು ಸಿಟ್ಟಿನಿಂದ, ಆಮೇಲೆ ಕಣ್ಣು ಕಿರಿದಾಗಿಸಿ, ಲ್ಯಾಬಿನಲ್ಲಿ ಸೀಸೆಯನ್ನು ಬೆಳಕಿಗೆ ಹಿಡಿದು ನೋಡುವವಳಂತೆ. ಮತ್ತೆ ಅವಳ ಮುಖದ ಬಿಗುವೆಲ್ಲ ಸಡಿಲಿತು.

“ಯಾರೂ ಇಲ್ಲ ಉಮ್ಮಮ್ಮ. ಪೈಂಟಿನ ವಾಸನೆಗೆ ಕಣ್ಣುರಿ.”

“ನನ್ನ ಹತ್ರ ಸುಳ್ಳು ಹೇಳಬೇಡ. ಆದಿತ್ಯವಾರ ನಿಕಾಹ್ ಇಟ್ಟುಕೊಂಡು ಯಾರಾದರೂ ಹೀಗೆ ಅಳ್ತಾರಾ? ಹುಡುಗ ಎಂತ ಅಂದನಾ? ಅವನ ತಾಯಿಯಾ?”

ರಿಫಳ ಗಂಟಲಿನಿಂದ ಒಂದು ಸದ್ದು ಬಂತು. ನಗುವೋ ಅಳುವೋ ಬಿಯ್ಯಾತುವಿಗೆ ತಿಳಿಯಲಿಲ್ಲ. ಹುಡುಗಿ ಬಾಗಿ ಅವಳ ಮಡಿಲಲ್ಲಿ ತಲೆಯಿಟ್ಟಳು. ಬಿಯ್ಯಾತು ಅವಳ ಕೂದಲ ಮೇಲೆ ಕೈಯಾಡಿಸಿದಳು. ಬಾಗಿಲಲ್ಲಿ ಸೌದ ಬಂದು ನಿಂತು ತನ್ನನ್ನೇ ನೋಡುತ್ತಿದ್ದಳು. ಮಗಳು ತಾಯಿಯನ್ನು ನೋಡುವ ನೋಟವಲ್ಲ ಅದು. ನಾನೇನು ಮಾಡಿದೆ? ಗ್ಯಾಸು ಬಿಟ್ಟೆನೇ? ಕೇಳಲು ಧೈರ್ಯವಾಗಲಿಲ್ಲ. ಆ ಕಣ್ಣುಗಳಿಂದ ಮರೆಮಾಡುವಂತೆ ಹುಡುಗಿಯ ಮೇಲೆ ಬಾಗಿ, ಅವಳ ಕಿವಿಯ ಹತ್ತಿರ ಹೇಳಿದಳು:

“ಹೆದರಬೇಡ. ನಾನಿನ್ನೂ ಸತ್ತಿಲ್ಲ. ನಿನಗೆ ಇದನ್ನು ಮಾಡಿದವರು ಯಾರು ಹೇಳು, ಅವರ ಮನೆ ಬಾಗಿಲಿಗೇ ಹೋಗಿ ಕೇಳ್ತೇನೆ. ಹೆಸರು ಹೇಳು.”